ನಮ್ಮ ಕೂಸುಗಳ ಬಡತನವನ್ನು ಯಾರು ಎಣಿಸಿದರು?



ಸಂಘದ ವರ್ಧಂತಿ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರಿ ಅಂತ ಅಣ್ಣಂದಿರು ಹೇಳಿದಾಗ ನನ್ನ ತಲೆಯಲ್ಲಿ ಮೊದಲು ಬಂದದ್ದು ಮಹಾಡದ ಚವದಾರ ಕೆರೆ, ಪುಣೆ ಒಪ್ಪಂದ, ನಾಗಪುರದ ಧರ್ಮದೀಕ್ಷೆ. ಅವನ್ನು ನನಗಿಂತ ಚಲೋ ಬರೆಯುವವರು ಈ ಸಂಚಿಕೆಯೊಳಗೇ ಇದ್ದಾರೆ. ನಾನು ಬರೆಯಲು ಹೊರಟಿರುವುದು ಒಂದು ತಕ್ಕಡಿಯ ಇತಿಹಾಸ. ಅಂಗನವಾಡಿಯ ತೊಲೆಗೆ ನೇತುಹಾಕಿ ಕೂಸನ್ನು ತೂಗುತ್ತಾರಲ್ಲ, ಆ ತಕ್ಕಡಿ. ಅದರ ಹಿಂದೆ ನೂರೈವತ್ತು ವರ್ಷದ ಲೆಕ್ಕಾಚಾರ ಇದೆ ಅಂತ ನನಗೂ ಬಿ.ಎ. ಎರಡನೇ ವರ್ಷಕ್ಕೆ ಬರುವ ತನಕ ಗೊತ್ತಿರಲಿಲ್ಲ.

ಇದು ನನ್ನ ತಲೆಯೊಳಗೆ ಹೊಕ್ಕದ್ದು ನಮ್ಮ ಅಕ್ಕನ ಮಗನಿಂದ. ಹೋದ ದೀಪಾವಳಿಗೆ ಮುಂಚೆ ಅಕ್ಕ ಭಾವ ಕಬ್ಬು ಕಡಿಯಲು ಟೋಳಿಯ ಜೊತೆ ಹೋದರು. ಎರಡು ವರ್ಷದ ಕೂಸನ್ನು ಯಾರ ಹತ್ತಿರ ಬಿಡುವುದು? ಅದನ್ನೂ ಕಟ್ಟಿಕೊಂಡು ಹೋದರು. ಫಡದೊಳಗೆ, ಕೊಪ್ಪಿಯೊಳಗೆ ನಾಲ್ಕು ತಿಂಗಳು ಕಳೆದು ಯುಗಾದಿಯ ಹೊತ್ತಿಗೆ ತಿರುಗಿ ಬಂದರು. ಬಂದ ಮೇಲೆ ಒಂದು ದಿವಸ ಕೂಸಿನ ಕಾರ್ಡು ನನ್ನ ಕೈಗೆ ಸಿಕ್ಕಿತು. ನೋಡುತ್ತೇನೆ, ನಾಲ್ಕೂ ತಿಂಗಳ ವಜನ ಅದರಲ್ಲಿ ಬರೆದಿದೆ! ತಿಂಗಳಿಗೆ ಇಷ್ಟಿಷ್ಟೇ ಏರಿ, ಹಸಿರು ಪಟ್ಟಿಯೊಳಗೇ ಚುಕ್ಕೆಗಳು ಸಾಲಾಗಿ ನಿಂತಿವೆ. ಖರೆ ಕೂಸು ಮಾತ್ರ ಬಡಕಲಾಗಿ ಅವ್ವನ ಸೊಂಟದ ಮೇಲೆ ಕೂತಿತ್ತು. ನಾನು ಕಾರ್ಡು ಓದಿ ಹೇಳಿದಾಗ ಅವ್ವ ನಕ್ಕಳು. "ಊರಾಗ ಇಲ್ಲದ ಕೂಸು ಎಷ್ಟು ಚಲೋ ಬೆಳದೈತಿ ನೋಡು" ಅಂದಳು.

ನಾನು ಇಲ್ಲಿ ಊರಿನ ಹೆಸರು, ಸೇವಿಕಾ ಬಾಯಾರ ಹೆಸರು ಹೇಳುವುದಿಲ್ಲ. ಅವರ ಮೇಲೆ ಸಿಟ್ಟು ಬಂದದ್ದು ಸುಳ್ಳಲ್ಲ. ಹೋಗಿ ಕೇಳಿದೆ. ಅವರು ನನ್ನನ್ನು ಕೂಡಿಸಿ ಚಹಾ ಕೊಟ್ಟು ಹೇಳಿದ್ದು ಇಷ್ಟು: "ತಮ್ಮಾ, ಖಾಲಿ ಬಿಟ್ಟರ ಯಾಕ ಬಿಟ್ಟಿ ಅಂತ ಕೇಳ್ತಾರ. ಕೆಂಪು ತೋರಿಸಿದರ ಯಾಕ ಕೆಂಪಾತು ಅಂತ ಕೇಳ್ತಾರ. ಹಸಿರು ಬರದರ ಯಾರೂ ಏನೂ ಕೇಳೂದಿಲ್ಲ." ಈ ಮೂರು ಮಾತು ನೆನಪಿಟ್ಟುಕೊಳ್ಳಿರಿ. ಮುಂದೆ ನಾನು ಹೇಳುವ ದೊಡ್ಡ ದೊಡ್ಡ ಸಮಿತಿಗಳ ಕತೆಯೊಳಗೆ ಇವೇ ಮಾತು ಮತ್ತೆ ಮತ್ತೆ ಬರುತ್ತವೆ.

ಮೊದಲ ಲೆಕ್ಕ ಮಾಡಿದವರು ದಾದಾಭಾಯಿ ನವರೋಜಿ. ಬ್ರಿಟಿಷರು ಹಿಂದುಸ್ತಾನ ಸುಖವಾಗಿದೆ ಅಂತ ಹೇಳುತ್ತಿದ್ದ ಕಾಲ. ದಾದಾಭಾಯಿ ಸರ್ಕಾರದ್ದೇ ಕಾಗದಗಳನ್ನು ತೆಗೆದು, 1867-68ರ ದರದಲ್ಲಿ ಒಬ್ಬ ಮನುಷ್ಯನ ವರ್ಷದ ಸರಾಸರಿ ಆದಾಯ ಸುಮಾರು 20 ರೂಪಾಯಿ ಅಂತ ತೋರಿಸಿದರು. ಬರೇ ಬದುಕಿರಲು ಎಷ್ಟು ಬೇಕು? ಅದನ್ನು ತಿಳಿಯಲು ಅವರು ಜೈಲಿನ ಊಟದ ಖರ್ಚು ನೋಡಿದರು. ಕೈದಿಗೆ ಸರ್ಕಾರ ಏನು ಕೊಡುತ್ತದೋ ಅದಕ್ಕಿಂತ ಕಡಿಮೆಗೆ ಪ್ರಾಮಾಣಿಕ ಕೂಲಿಕಾರ ಬದುಕಬೇಕಾಗಿದೆ ಅನ್ನುವುದು ಅವರ ವಾದ. ಆಗಿನ ಕಾಲಕ್ಕೆ ಇದು ದೊಡ್ಡ ಏಟು. 1901ರಲ್ಲಿ ಇವೆಲ್ಲ ಅವರ ದೊಡ್ಡ ಇಂಗ್ಲಿಷ್ ಪುಸ್ತಕದಲ್ಲಿ ಸೇರಿದವು.

ಆದರೆ ಜೈಲಿನಲ್ಲಿ ಇರುವವರು ದೊಡ್ಡವರು. ದೇಶದಲ್ಲಿ ಮಕ್ಕಳೂ ಇದ್ದಾರಲ್ಲ? ಅದಕ್ಕೆ ಮಾಡಿದ ಹೊಂದಾಣಿಕೆಯನ್ನು ನಮ್ಮ ಹನ್ನೊಂದನೇ ಇಯತ್ತೆಯ ಅರ್ಥಶಾಸ್ತ್ರದ ಹಳೇ ಪುಸ್ತಕದಲ್ಲಿ (ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕ) ಕೊಟ್ಟಿದ್ದರು, ತೆಗೆದು ನೋಡಿರಿ. ಜನಸಂಖ್ಯೆಯ ಮೂರರಲ್ಲಿ ಒಂದು ಪಾಲು ಮಕ್ಕಳು. ಅವರಲ್ಲಿ ಅರ್ಧ ಮಕ್ಕಳು ದೊಡ್ಡವರ ಅರ್ಧದಷ್ಟು ತಿನ್ನುತ್ತಾರೆ. ಉಳಿದ ಅರ್ಧ ಮಕ್ಕಳು ಬಹಳ ಸಣ್ಣವರು, ಅವರ ಊಟ ಸೊನ್ನೆ. ಹೀಗೆ ಕೂಡಿಸಿದರೆ ಒಟ್ಟು ಖರ್ಚು ಜೈಲಿನ ಖರ್ಚಿನ ಮುಕ್ಕಾಲು ಪಾಲು ಆಗುತ್ತದೆ. ಗಣಿತ ಬರೋಬ್ಬರಿ ಅದ. ನಾನು ಮೂರು ಸಲ ಮಾಡಿ ನೋಡಿದೆ. ಆದರೆ ಆ ಸೊನ್ನೆಯ ಕಡೆ ನೋಡಿರಿ. ಹಿಂದುಸ್ತಾನದ ಮೊಟ್ಟಮೊದಲ ಬಡತನದ ರೇಖೆಯೊಳಗೆ ತೀರ ಸಣ್ಣ ಕೂಸಿನ ಜಾಗ ಸೊನ್ನೆ. ದಾದಾಭಾಯಿಯವರಿಗೆ ದುಷ್ಟತನ ಇರಲಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ಖರ್ಚೇನು ಅಂತ ಅವರು ತಿಳಿದಿರಬೇಕು. ಆ ಹಾಲು ಬರಬೇಕಾದರೆ ತಾಯಿ ಒಂದು ರೊಟ್ಟಿ ಹೆಚ್ಚು ತಿನ್ನಬೇಕು ಅನ್ನುವುದು ಯಾವ ಗಂಡಸಿನ ಲೆಕ್ಕದಲ್ಲಿಯೂ ಆಗ ಇರಲಿಲ್ಲ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಪುಣೆಯಲ್ಲಿ ಹೆರಾಲ್ಡ್ ಮ್ಯಾನ್ ಅನ್ನುವ ಕೃಷಿ ಕಾಲೇಜಿನ ಸಾಹೇಬ ಮನೆಮನೆಗೆ ಹೋಗಿ ಎಣಿಸುವ ಕೆಲಸ ಹಿಡಿದ. 1912ರಲ್ಲಿ ಪುಣೆ ಪಟ್ಟಣದ ಅಸ್ಪೃಶ್ಯ ಕುಟುಂಬಗಳ ಬಗ್ಗೆ ಬರೆದ. 1917ರಲ್ಲಿ ಪಿಂಪ್ಳೆ ಸೌದಾಗರ ಎಂಬ ಹಳ್ಳಿಯ ಹೊಲ, ಸಾಲ, ದುಡಿಮೆಯ ಲೆಕ್ಕ ಪ್ರಕಟಿಸಿದ. ಮುಂದಿನ ವರ್ಷ, 1918ರಲ್ಲಿ, ಬಾಬಾಸಾಹೇಬರು ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧದಲ್ಲಿ ಇಂಥ ಲೆಕ್ಕಗಳನ್ನೇ ಕೈಗೆತ್ತಿಕೊಂಡು ಪರೀಕ್ಷೆ ಮಾಡಿದರು. ಒಂದು ಕುಟುಂಬಕ್ಕೆ ಸಾಕಾಗುವಷ್ಟು ಹೊಲವೇ "ಆರ್ಥಿಕ ಹಿಡುವಳಿ" ಅಂತ ಸಾಹೇಬರು ಹೇಳುತ್ತಿದ್ದರು. ಬಾಬಾಸಾಹೇಬರು ತಕರಾರು ತೆಗೆದದ್ದು ಅಂಕಿಯ ಬಗ್ಗೆ ಅಲ್ಲ, ಅಂಕಿಗಿಂತ ಮುಂಚೆ ಬರುವ ವ್ಯಾಖ್ಯೆಯ ಬಗ್ಗೆ. ಹೊಲವನ್ನು ಉಣ್ಣುವವರ ಲೆಕ್ಕದಿಂದ ಅಳೆಯಬಾರದು, ಅದರ ಮೇಲೆ ಹಾಕುವ ದುಡಿಮೆ ಬಂಡವಾಳದ ಲೆಕ್ಕದಿಂದ ಅಳೆಯಬೇಕು ಅಂದರು. ಆಗ ಅವರಿಗೆ ವಯಸ್ಸು 27. ನಾವು ಅವರನ್ನು ಘಟನೆಯ ಶಿಲ್ಪಿ ಅಂತ ಹಾರ ಹಾಕುತ್ತೇವೆ. ಅಂಕಿಸಂಖ್ಯೆಯ ಜೊತೆ ಹೀಗೆ ಕುಸ್ತಿ ಆಡಿದ ಅರ್ಥಶಾಸ್ತ್ರಿಯನ್ನು ಅಷ್ಟು ಓದುವುದಿಲ್ಲ. ಏಳು ವರ್ಷದ ಮೇಲೆ, 1925ರ ಜನವರಿಯಲ್ಲಿ, ಅವರ ಬಹಿಷ್ಕೃತ ಹಿತಕಾರಿಣಿ ಸಭೆ ನಮ್ಮ ಸೊಲ್ಲಾಪುರದಲ್ಲೇ ವಿದ್ಯಾರ್ಥಿ ವಸತಿಗೃಹ ತೆಗೆಯಿತು. ಹಸಿದ ಹುಡುಗನಿಗೆ ಮೊದಲು ಅನ್ನ, ಜಾಗ, ಆಮೇಲೆ ಪಾಠ.

ಸ್ವಾತಂತ್ರ್ಯ ಬಂತು. ಬಡವರನ್ನು ಎಣಿಸುವ ಕೆಲಸ ಬೊಂಬಾಯಿ ಪುಣೆ ಬಿಟ್ಟು ದಿಲ್ಲಿಗೆ ಹೋಯಿತು. 1962ರಲ್ಲಿ ಒಂದು ತಜ್ಞರ ಗುಂಪು 1960-61ರ ದರದಲ್ಲಿ ತಿಂಗಳಿಗೆ ತಲೆಗೆ 20 ರೂಪಾಯಿ ಕನಿಷ್ಠ ಅಂತ ಹೇಳಿತು. ಅದರೊಳಗೆ ದವಾಖಾನೆ, ಸಾಲಿಯ ಖರ್ಚು ಹಿಡಿಯಲಿಲ್ಲ, ಯಾಕಂದರೆ ಅವನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ ಅಂತ ನಂಬಿಕೆ. (ಜ್ವರ ಬಂದ ಕೂಸನ್ನು ಎತ್ತಿಕೊಂಡು ಖಾಸಗಿ ದವಾಖಾನೆಗೆ ಓಡಿದವರು ಈ ಸಾಲನ್ನು ಇನ್ನೊಮ್ಮೆ ಓದಿರಿ.) 1971ರಲ್ಲಿ ಪುಣೆಯ ಗೋಖಲೆ ಸಂಸ್ಥೆಯ ವಿ. ಎಂ. ದಾಂಡೇಕರ ಮತ್ತು ನೀಲಕಂಠ ರಥ ಇಬ್ಬರೂ ಕೂಡಿ ಹೊಸ ಲೆಕ್ಕ ಮಾಡಿದರು. ದಿನಕ್ಕೆ ತಲೆಗೆ 2250 ಕ್ಯಾಲರಿ ಸಿಗಬೇಕಾದರೆ ಹಳ್ಳಿಯಲ್ಲಿ ತಿಂಗಳಿಗೆ 15 ರೂಪಾಯಿ, ಪಟ್ಟಣದಲ್ಲಿ ಇಪ್ಪತ್ತೆರಡೂವರೆ ರೂಪಾಯಿ. ಹಾಗೆ ನೋಡಿದರೆ ಹಳ್ಳಿಯ ನೂರಕ್ಕೆ 40, ಪಟ್ಟಣದ ನೂರಕ್ಕೆ 50 ಜನ ಬಡವರು.

ಅದರ ಮರುವರ್ಷವೇ 1972ರ ಬರ. ಈ ಬರದ ಬಗ್ಗೆ ನಾನು ಪುಸ್ತಕ ನೋಡುವ ಅಗತ್ಯ ಇಲ್ಲ, ನಮ್ಮ ಆಯಿ ಇದ್ದಾಳೆ. ಖಡಿ ಒಡೆಯುವ ಕೆಲಸ, ಕೆರೆಯ ಮಣ್ಣು ಹೊರುವ ಕೆಲಸ, ಅಮೇರಿಕಾದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ, ಕೆಲಸದ ಜಾಗದಲ್ಲಿ ಕೊಟ್ಟ ಸುಕಡಿ. ಸುಕಡಿ ಕೆಲಸ ಮಾಡಿದವರಿಗೆ. ಸೀರೆಯ ಜೋಳಿಗೆಯಲ್ಲಿ ಮಲಗಿಸಿದ ಕೂಸಿಗೆ ಅವಳು ತನ್ನ ಪಾಲಿನದನ್ನೇ ನೀರಲ್ಲಿ ಕಲಸಿ ತಿನ್ನಿಸುತ್ತಿದ್ದಳಂತೆ. ಆ ಕೂಸು ನಮ್ಮ ದೊಡ್ಡಕಾಕಾ ಆಗಬೇಕಾಗಿತ್ತು. ಆಗಲಿಲ್ಲ. ಆಯಿಗೆ ಇವತ್ತಿಗೂ ಅದರ ಹೆಸರು ನೆನಪಿದೆ, ಯಾವ ರಿಜಿಸ್ಟರಿನಲ್ಲಿಯೂ ಇಲ್ಲ. ಆ ಬರದಿಂದಲೇ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆ ಬೇರು ಬಿಟ್ಟಿತು, 1977ರಲ್ಲಿ ಕಾಯಿದೆಯಾಯಿತು. ಕೆಲಸ ಕೇಳಿದವರಿಗೆ ಕೆಲಸ ಕೊಡಬೇಕು ಅನ್ನುವ ಇಂಥ ಕಾಯಿದೆ ದೇಶದಲ್ಲೇ ಮೊದಲು.

1979ರಲ್ಲಿ ಯೋಜನಾ ಆಯೋಗದ ಇನ್ನೊಂದು ತಂಡ, ವೈ. ಕೆ. ಅಲಘ ಅದರ ಅಧ್ಯಕ್ಷರು, ಹಳ್ಳಿಗೆ 2400 ಕ್ಯಾಲರಿ, ಪಟ್ಟಣಕ್ಕೆ 2100 ಕ್ಯಾಲರಿ ಅಂತ ಗೊತ್ತುಮಾಡಿತು. 1973-74ರ ದರದಲ್ಲಿ ಹಳ್ಳಿಗೆ 49 ರೂಪಾಯಿ 9 ಪೈಸೆ, ಪಟ್ಟಣಕ್ಕೆ 56 ರೂಪಾಯಿ 64 ಪೈಸೆ. ಈ ಸಲ ಮಕ್ಕಳಿಗೆ ಸೊನ್ನೆ ಕೊಡಲಿಲ್ಲ. ವಯಸ್ಸು, ಲಿಂಗ, ದುಡಿಮೆ ನೋಡಿ ಯಾರಿಗೆ ಎಷ್ಟು ಬೇಕು ಅಂತ ಹಿಡಿದು ಸರಾಸರಿ ತೆಗೆದರು. ಆದರೆ ಸರಾಸರಿ ಅನ್ನುವುದು ದೊಡ್ಡ ಗಡಿಗೆ ಇದ್ದ ಹಾಗೆ. ಒಳಗೆ ಏನು ಬಿದ್ದಿದೆ ಗೊತ್ತು, ಯಾರ ತಾಟಿಗೆ ಎಷ್ಟು ಬಿತ್ತು ಗೊತ್ತಿಲ್ಲ. ಸರ್ವೆಯವರು ಮನೆಯ ಖರ್ಚನ್ನು ಕೇಳಿ ತಲೆಯಿಂದ ಭಾಗಿಸುತ್ತಾರೆ. ಮನೆ ಬಡದಾದರೆ ಕೂಸು ಬಡದು, ಮನೆ ರೇಖೆಯ ಮೇಲಿದ್ದರೆ ಕೂಸೂ ರೇಖೆಯ ಮೇಲೆ. ಲಕಡಾವಾಲಾ (1993), ತೆಂಡೂಲ್ಕರ (2009), ರಂಗರಾಜನ್ (2014) ಸಮಿತಿಗಳು ಬಂದವು. ದರ ಬದಲಾಯಿತು, ರಾಜ್ಯಕ್ಕೊಂದು ರೇಖೆ ಬಂತು, ಜಗಳಗಳು ಬಹಳ ಆದವು. ಮನೆಯ ಒಳಗೆ ಇಣುಕುವ ದಾರಿ ಮಾತ್ರ ಯಾರಿಗೂ ಸಿಗಲಿಲ್ಲ.

ತೆಂಡೂಲ್ಕರ ಪದ್ಧತಿಯಿಂದ 2011-12ರಲ್ಲಿ ಮಹಾರಾಷ್ಟ್ರದ ಹಳ್ಳಿಯ ರೇಖೆ ತಿಂಗಳಿಗೆ ತಲೆಗೆ 967 ರೂಪಾಯಿ, ಅಂದರೆ ದಿನಕ್ಕೆ ಸುಮಾರು 32 ರೂಪಾಯಿ. ಆ ಲೆಕ್ಕದಲ್ಲಿ ರಾಜ್ಯದ ನೂರಕ್ಕೆ ಸುಮಾರು 17 ಜನ ಬಡವರು. 2017-18ರ ಖರ್ಚಿನ ಸರ್ವೆಯ ಫಲಿತಾಂಶವನ್ನು ಕೇಂದ್ರ ಸರ್ಕಾರ ಹೊರಗೆ ಬಿಡಲಿಲ್ಲ. ಅಂದರೆ ಹತ್ತು ವರ್ಷಕ್ಕೂ ಮೇಲೆ ಈ ದೇಶ ತನ್ನ ಬಡವರನ್ನು ಹಳೇ ಕಾಗದದ ಮೇಲೆಯೇ ಓದಿತು. ನಮ್ಮ ಅಕ್ಕನ ಕೂಸಿನ ಕಾರ್ಡಿನಲ್ಲಿ ಇಲ್ಲದ ತೂಕ ಬರೆದರು, ದಿಲ್ಲಿಯಲ್ಲಿ ಇದ್ದ ತೂಕ ಮುಚ್ಚಿಟ್ಟರು.

ಇಲ್ಲಿ ಒಂದು ಹೊರಗಿನ ಕತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿರಿ. ಅಮೇರಿಕಾದಲ್ಲಿ ಬಡತನದ ರೇಖೆ ಎಳೆದವಳು ಮೊಲಿ ಓರ್ಶಾನ್ಸ್ಕಿ ಅನ್ನುವ ಸರ್ಕಾರಿ ನೌಕರಳು. ವಲಸೆ ಬಂದ ಬಡ ಕುಟುಂಬದ ಮಗಳು. 1963ರಲ್ಲಿ ಅವಳು ಬರೆದ ಮೊದಲ ಲೇಖನವೇ ಬಡವರ ಮಕ್ಕಳ ಬಗ್ಗೆ. ಅಗ್ಗದ ಊಟದ ಖರ್ಚನ್ನು ಮೂರು ಪಟ್ಟು ಮಾಡಿದಳು, ಯಾಕಂದರೆ ಅಲ್ಲಿನ ಮನೆಗಳು ಆದಾಯದ ಮೂರರಲ್ಲಿ ಒಂದು ಪಾಲು ಊಟಕ್ಕೆ ಹಾಕುತ್ತಿದ್ದವು. ಅವಳ ರೇಖೆಯಲ್ಲಿ ಮನೆಯಲ್ಲಿ ಎಷ್ಟು ಮಕ್ಕಳು ಅನ್ನುವುದರ ಮೇಲೆ ರೇಖೆಯೇ ಬದಲಾಗುತ್ತಿತ್ತು. ಇವತ್ತು ಆ ದೇಶದಲ್ಲಿ ಐದು ವರ್ಷದ ಒಳಗಿನ ಬಡ ಮಕ್ಕಳ ಅಂದಾಜನ್ನು ಪ್ರತಿ ರಾಜ್ಯಕ್ಕೆ ಪ್ರತಿ ವರ್ಷ ತೆಗೆಯುತ್ತಾರೆ. ಜಿಲ್ಲೆಗೆ ಸಮ ಇರುವ ಕೌಂಟಿಗಳಿಗೆ ಮಾತ್ರ ಅದೇ ಪಟ್ಟಿಯಲ್ಲಿ ಐದರ ಒಳಗಿನ ಮಕ್ಕಳ ಅಂಕಿ ಕೊಡುವುದಿಲ್ಲ. ಅಷ್ಟು ಸಣ್ಣ ಗುಂಪನ್ನು ಅಷ್ಟು ಸಣ್ಣ ಜಾಗದಲ್ಲಿ ಅಂದಾಜು ಮಾಡುವುದು ಕಠಿಣ. ಇದನ್ನೂ ನೆನಪಿಡಿರಿ, ಕೊನೆಗೆ ನಮ್ಮ ತಾಲೂಕಿನ ಮಾತಿಗೆ ಬೇಕಾಗುತ್ತದೆ.

ಈಗ ತಕ್ಕಡಿಗೆ ಬರೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಏಕಾತ್ಮಿಕ ಬಾಲವಿಕಾಸ ಯೋಜನೆ ಶುರುವಾಯಿತು. ಅಂಗನವಾಡಿ ಹುಟ್ಟಿದ್ದು ಅವತ್ತು. ಮೊದಲ ಬಾರಿಗೆ ಮನೆಯ ಖರ್ಚನ್ನು ಬಿಟ್ಟು ಕೂಸಿನ ಮೈಯನ್ನೇ ಅಳೆಯುವ ಪದ್ಧತಿ ಊರೂರಿಗೆ ಬಂತು. ಮುಂಚೆ ಮಕ್ಕಳನ್ನು ಒಂದನೇ ಶ್ರೇಣಿ, ಎರಡನೇ ಶ್ರೇಣಿ ಅಂತ ನಾಲ್ಕು ಶ್ರೇಣಿಯಲ್ಲಿ ಹಾಕುತ್ತಿದ್ದರು. ಹಳೇ ಸೇವಿಕಾ ಬಾಯಾರು ಇವತ್ತಿಗೂ "ಮೂರನೇ ಶ್ರೇಣಿ ಕೂಸು" ಅಂತ ಮಾತಾಡುತ್ತಾರೆ. 2006ರಲ್ಲಿ ಜಾಗತಿಕ ಆರೋಗ್ಯ ಸಂಘಟನೆ ಹೊಸ ಅಳತೆ ತಂದಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೇರಿಕಾ ಈ ಆರು ದೇಶಗಳ ಸುಮಾರು 8500 ಮಕ್ಕಳನ್ನು, ಚಲೋ ಊಟ ಚಲೋ ಆರೈಕೆ ಇದ್ದವರನ್ನು ಅಳೆದು ಮಾಡಿದ ಅಳತೆ. ಭಾರತದ ಮಕ್ಕಳು ದಕ್ಷಿಣ ದಿಲ್ಲಿಯವರು. ಹೊಟ್ಟೆತುಂಬ ಉಂಡ ಕೂಸು ಯಾವ ದೇಶದ್ದಾದರೂ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆಯುತ್ತದೆ ಅಂತ ಅದರಿಂದ ಗೊತ್ತಾಯಿತು. "ನಮ್ಮ ಮಂದಿ ಹುಟ್ಟಾ ಗಿಡ್ಡರು" ಅನ್ನುವ ಮಾತಿಗೆ ಇದು ಉತ್ತರ.

ಆ ಅಳತೆಯಲ್ಲಿ ಮೂರು ವರ್ಷ ತುಂಬಿದ ಗಂಡು ಕೂಸು ನಡುಮಧ್ಯದಲ್ಲಿ 96 ಸೆಂಟಿಮೀಟರ್ ಇರುತ್ತದೆ. 88.7ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ ಅಂತ ಬರೆಯುತ್ತಾರೆ. ಹೆಣ್ಣು ಕೂಸಿಗೆ ಆ ಗೆರೆ 87.4. ಇದು ಒಂದೆರಡು ತಿಂಗಳ ಹಸಿವಿನಿಂದ ಆಗುವಂಥದ್ದಲ್ಲ, ತಾಯಿಯ ಹೊಟ್ಟೆಯಿಂದ ಶುರುವಾಗಿ ವರ್ಷಗಟ್ಟಲೆ ನಡೆದ ಕೊರತೆ. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಅದು ಸೊರಗು, ಈಗಿನ ಹಸಿವು, ಈಗಿನ ಬೇನೆ. ಆರೋಗ್ಯವಂತ ಮಕ್ಕಳ ಗುಂಪಿನಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಹುಟ್ಟಿನಿಂದಲೇ ಗಿಡ್ಡ ಇದ್ದು ಈ ಗೆರೆಯ ಕೆಳಗೆ ಬೀಳುತ್ತಾರೆ. ಅದಕ್ಕಿಂತ ಹೆಚ್ಚಿದ್ದದ್ದೆಲ್ಲ ಮನುಷ್ಯರು ಮಾಡಿದ್ದು.

1993ರಲ್ಲಿ ಅಮರಾವತಿ ಜಿಲ್ಲೆಯ ಮೇಳಘಾಟದಲ್ಲಿ ಆದಿವಾಸಿ ಮಕ್ಕಳು ಸಾಯುತ್ತಿರುವ ಸುದ್ದಿ ಪೇಪರಿನಲ್ಲಿ ಬಂದು ಹೈಕೋರ್ಟಿನ ತನಕ ಹೋಯಿತು. 2001ರಲ್ಲಿ ಗಡಚಿರೋಲಿಯ ಡಾಕ್ಟರ್ ಅಭಯ ಬಂಗ ಮತ್ತು ಅವರ ಜೊತೆಯ ಸಂಸ್ಥೆಗಳು "ಕೋವಳಿ ಪಾನಗಳ" ಅನ್ನುವ ವರದಿ ತಂದವು. ಎಳೆ ಎಲೆಗಳು ಉದುರುವುದು ಅಂತ ಅದರ ಅರ್ಥ. ಅವರು ಮಾಡಿದ್ದು ಬಹಳ ಸರಳ ಕೆಲಸ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹುಟ್ಟು ಸಾವು ಎಣಿಸಿದರು, ಆಮೇಲೆ ಸರ್ಕಾರಿ ಲೆಕ್ಕದ ಪಕ್ಕ ಇಟ್ಟರು. ಸರ್ಕಾರದ ಪುಸ್ತಕದಲ್ಲಿ ಬಹಳಷ್ಟು ಮಕ್ಕಳ ಸಾವು ದಾಖಲೇ ಆಗಿರಲಿಲ್ಲ. ಸರ್ಕಾರ ಮೊದಲು ಒಪ್ಪಲಿಲ್ಲ, ಆಮೇಲೆ ಅದೇ ಬಂಗರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಬೇಕಾಯಿತು. "ಹಸಿರು ಬರದರ ಯಾರೂ ಕೇಳೂದಿಲ್ಲ" ಅನ್ನುವ ಮಾತು ಇಡೀ ರಾಜ್ಯದ ಮಟ್ಟದಲ್ಲಿ ಹೀಗೆ ಸಿಕ್ಕಿಬಿತ್ತು. 2005ರಲ್ಲಿ ರಾಜಮಾತಾ ಜಿಜಾಊ ಹೆಸರಿನ ಪೋಷಣ ಮಿಷನ್ ಶುರುವಾಯಿತು. ಅದರ ಒಳ್ಳೆಯ ಗುಣ ಅಂದರೆ ಮೊದಲ ಎರಡು ವರ್ಷದ ಕೂಸಿನ ಕಡೆ, ತಾಯಿಯ ಕಡೆ ನೋಡಿದ್ದು.

ಈಗ ದೊಡ್ಡ ಸರ್ವೆಗಳ ಅಂಕಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ 1992-93ರಲ್ಲಿ ನಡೆಯಿತು. ಆಗ ಅಳೆದದ್ದು ನಾಲ್ಕು ವರ್ಷದ ಒಳಗಿನ ಮಕ್ಕಳನ್ನು, ಎರಡನೇ ಸಲ ಮೂರು ವರ್ಷದ ಒಳಗಿನವರನ್ನು, ಮೂರನೇ ಸಲದಿಂದ ಐದು ವರ್ಷದ ಒಳಗಿನವರನ್ನು. ವಯಸ್ಸು ಬದಲಾದರೆ ಅಂಕಿಯನ್ನು ಹಾಗೇ ಹೋಲಿಸಬಾರದು, ಆದರೂ ಭಾಷಣ ಮಾಡುವವರು ಹೋಲಿಸುತ್ತಾರೆ. ನಾವು ಹೋಲಿಸಬಹುದಾದ್ದು 2005-06ರಿಂದ ಮುಂದಿನದು. ಮಹಾರಾಷ್ಟ್ರದಲ್ಲಿ ಐದರ ಒಳಗಿನ ನೂರು ಮಕ್ಕಳಲ್ಲಿ ಬೆಳವಣಿಗೆ ಕುಂಠಿತರು ಆಗ 46. 2015-16ರಲ್ಲಿ 34. 2019-21ರ ಸುತ್ತಿನಲ್ಲಿ 35. ಸೊರಗಿದವರು ಹದಿನಾರೂವರೆ, ಆಮೇಲೆ ಸುಮಾರು 26, ಆಮೇಲೆಯೂ ಸುಮಾರು 26. ಕಡಿಮೆ ತೂಕದವರು 37, 36, 36. ನೋಡಿರಿ, ಮೊದಲ ಹತ್ತು ವರ್ಷ ಎತ್ತರ ಸುಧಾರಿಸಿತು, ಆಮೇಲೆ ನಿಂತುಬಿಟ್ಟಿತು. ತೂಕ ಮಾತ್ರ ಹದಿನೈದು ವರ್ಷದಲ್ಲಿ ಅಲ್ಲಾಡಲೇ ಇಲ್ಲ. ಕೊನೆಯ ಸುತ್ತಿನ ಅಳತೆ ನಮ್ಮ ರಾಜ್ಯದಲ್ಲಿ ನಡೆದದ್ದು 2019ರ ಎರಡನೇ ಅರ್ಧದಲ್ಲಿ. ಆದ್ದರಿಂದ ಕೊರೋನಾದ ಮೇಲೆ ದೋಷ ಹಾಕುವ ಹಾಗಿಲ್ಲ.

ನಡುವೆ 2012ರಲ್ಲಿ ರಾಜ್ಯ ಬೇರೆಯೇ ಒಂದು ಪೋಷಣ ಸರ್ವೆ ಮಾಡಿಸಿತು. ಎರಡು ವರ್ಷದ ಒಳಗಿನ ಮಕ್ಕಳಲ್ಲಿ ಕುಂಠಿತರು 39ರಿಂದ 23ಕ್ಕೆ ಇಳಿದರು ಅಂತ ಬಂತು. ದೇಶವೆಲ್ಲ ಮಹಾರಾಷ್ಟ್ರವನ್ನು ಹೊಗಳಿತು. ಮೂರು ವರ್ಷದ ಮೇಲೆ 34 ಬಂದಾಗ ಜನ ಗೊಂದಲಕ್ಕೆ ಬಿದ್ದರು. ನನಗೆ ಅನಿಸುವುದು, ಎರಡರಲ್ಲಿ ಒಂದು ಸುಳ್ಳು ಅಂತ ಹೇಳಬೇಕಾಗಿಲ್ಲ. ಒಂದರಲ್ಲಿ ಎರಡರ ಒಳಗಿನವರು, ಇನ್ನೊಂದರಲ್ಲಿ ಐದರ ಒಳಗಿನವರು. ಕುಂಠಿತ ಆಗುವುದು ಆರು ತಿಂಗಳ ಮೇಲೆ, ಮೇಲಿನ ಊಟ ಶುರು ಮಾಡಬೇಕಾದ ಹೊತ್ತಿನಲ್ಲಿ ಜೋರಾಗಿ ಏರುತ್ತದೆ, ಆಮೇಲೆ ಉಳಿದುಬಿಡುತ್ತದೆ. ಹೊಗಳುವವರು ಯಾವ ವಯಸ್ಸು ಅನ್ನುವುದನ್ನು ಓದದೆ ಹೊಗಳಿದರು, ಬೈಯುವವರೂ ಓದದೆ ಬೈದರು.

ಮನೆಯ ಲೆಕ್ಕಕ್ಕೂ ಕೂಸಿನ ಲೆಕ್ಕಕ್ಕೂ ಎಷ್ಟು ಅಂತರ ಅಂತ ತಿಳಿಯಬೇಕಾದರೆ ಎರಡು ಉದಾಹರಣೆ ಸಾಕು. ಒಂದು, ನಮ್ಮ ಹಿರಿಯರು ಕಚೇರಿಗೆ ಅಲೆದು ಅಲೆದು ಸುಸ್ತಾದ 2002ರ ದಾರಿದ್ರ್ಯ ರೇಖೆಯ ಸರ್ವೆ. ಅದರಲ್ಲಿ 13 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4 ಗುಣ, ಒಟ್ಟು 52. ಹೊಲ ಎಷ್ಟು, ಮನೆ ಎಂಥದು, ತಲೆಗೆ ಎಷ್ಟು ಜೊತೆ ಬಟ್ಟೆ, ಸಂಡಾಸ ಇದೆಯೋ ಇಲ್ಲವೋ, ಸಾಲ ಯಾರ ಹತ್ತಿರ. ಮಕ್ಕಳ ಬಗ್ಗೆಯೂ ಒಂದು ಪ್ರಶ್ನೆ ಇತ್ತು, 5ರಿಂದ 14 ವರ್ಷದವರು ಸಾಲಿಗೆ ಹೋಗುತ್ತಾರೋ ಕೆಲಸಕ್ಕೋ ಅಂತ. ಐದರ ಒಳಗಿನ ಕೂಸಿಗೆ ಪ್ರಶ್ನೆಯೇ ಇಲ್ಲ. ಮನೆಯ ಅಂಗಿ ಎಣಿಸಿದರು, ತೊಟ್ಟಿಲೊಳಗೆ ನೋಡಲಿಲ್ಲ.

ಇನ್ನೊಂದು ಈಗಿನದು. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ. 2023ರಲ್ಲಿ ಬಂದ ವರದಿ ಪ್ರಕಾರ ಮಹಾರಾಷ್ಟ್ರದಲ್ಲಿ ಬಡವರು ನೂರಕ್ಕೆ ಸುಮಾರು 15ರಿಂದ 8ಕ್ಕೆ ಇಳಿದರು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಯಿಂದಲೇ ಈ ಲೆಕ್ಕ. ಹಾಗಾದರೆ ಒಂದೇ ಸರ್ವೆಯಿಂದ ಬಡವರು 8, ಕುಂಠಿತ ಕೂಸುಗಳು 35 ಹೇಗೆ ಬರುತ್ತದೆ? ನಾನು ಇದಕ್ಕೆ ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಉತ್ತರ ಭಾರದೊಳಗೆ ಇದೆ. ಹನ್ನೆರಡು ಸೂಚಕಗಳಿಗೆ ಬೇರೆಬೇರೆ ಭಾರ. ಪೋಷಣೆಗೆ ಆರರಲ್ಲಿ ಒಂದು ಪಾಲು. ಅಡುಗೆಯ ಉರುವಲು, ಸಂಡಾಸ, ಮನೆ ಇಂಥವಕ್ಕೆ ತಲಾ ಇಪ್ಪತ್ತೊಂದರಲ್ಲಿ ಒಂದು ಪಾಲು. ಒಟ್ಟು ಕೊರತೆ ಮೂರರಲ್ಲಿ ಒಂದು ಪಾಲು ಮುಟ್ಟಿದರೆ ಮಾತ್ರ ಬಡವ. ಈಗ ಒಂದು ಮನೆ ಹಿಡಿಯಿರಿ: ಕೂಸು ಕುಂಠಿತ, ಕಟ್ಟಿಗೆಯ ಒಲೆ, ಸಂಡಾಸ ಇಲ್ಲ, ಗೋಡೆ ಮಣ್ಣಿನದು. ಕೂಡಿಸಿರಿ. ನೂರಕ್ಕೆ 31 ಆಗುತ್ತದೆ. ಬೇಕಾದದ್ದು 33. ಆ ಮನೆ ಬಡವರ ಲೆಕ್ಕದಲ್ಲಿ ಇಲ್ಲ! ಸೂಚ್ಯಂಕ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಬರೇ ರೂಪಾಯಿ ನೋಡುವುದಕ್ಕಿಂತ ಎಷ್ಟೋ ಮೇಲು. ಆದರೆ ಅದು ಮನೆಯ ಲೆಕ್ಕ. ಕೂಸಿನ ಬಡತನಕ್ಕೆ ಅದನ್ನು ಉತ್ತರ ಅಂತ ತೋರಿಸಿದರೆ ಕೇಳಿಕೊಂಡು ಸುಮ್ಮನೆ ಕೂಡಬೇಡಿರಿ.

ಜಾತಿಯ ಮಾತಿಗೆ ಬರದಿದ್ದರೆ ಈ ಸಂಚಿಕೆಗೆ ಈ ಲೇಖನ ಯಾಕೆ? 2015-16ರ ಸಮೀಕ್ಷೆಯಲ್ಲಿ ದೇಶದ ಪರಿಶಿಷ್ಟ ಜಾತಿಯ ನೂರು ಮಕ್ಕಳಲ್ಲಿ ಸುಮಾರು 43 ಜನ ಕುಂಠಿತರು, ಪರಿಶಿಷ್ಟ ಪಂಗಡದಲ್ಲಿ 44, ಇತರೆ ಹಿಂದುಳಿದವರಲ್ಲಿ 39, ಉಳಿದವರಲ್ಲಿ 31. "ಬಡತನ ಇದ್ದಲ್ಲಿ ಹೀಗೆಯೇ, ಇದರಲ್ಲಿ ಜಾತಿ ಏನು ಬಂತು" ಅಂತ ನಮ್ಮ ಕ್ಲಾಸಿನ ಹುಡುಗ ಕೇಳಿದ. ಅರ್ಥಶಾಸ್ತ್ರಿಗಳಾದ ಅಶ್ವಿನಿ ದೇಶಪಾಂಡೆ ಮತ್ತು ರಾಜೇಶ್ ರಾಮಚಂದ್ರನ್ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಎಲ್ಲಿ ಅಸ್ಪೃಶ್ಯತೆ ಪಾಲಿಸುತ್ತೇವೆ ಅಂತ ಜನ ತಾವೇ ಹೆಚ್ಚು ಒಪ್ಪಿಕೊಳ್ಳುತ್ತಾರೋ ಅಲ್ಲಿ ದಲಿತ ಮಕ್ಕಳ ಎತ್ತರ ಹೆಚ್ಚು ಕುಂದಿದೆ ಅಂತ ಅವರ ಅಂಕಿ ತೋರಿಸಿತು. ಇದು ಹೇಗೆ ನಡೆಯುತ್ತದೆ ಅಂತ ಕೇರಿಯವರಿಗೆ ನಾನು ಬಿಡಿಸಿ ಹೇಳಬೇಕೆ? ಅಂಗನವಾಡಿ ಯಾವ ಓಣಿಯಲ್ಲಿ ಇದೆ, ನಲ್ಲಿ ಯಾವ ಓಣಿಯಲ್ಲಿ ಇದೆ, ನರ್ಸಬಾಯಿ ಯಾರ ಮನೆಯ ಕಟ್ಟೆಯ ಮೇಲೆ ಕೂತು ಡೋಸು ಹಾಕುತ್ತಾಳೆ, ಬಸುರಿ ಹೆಂಗಸಿನ ಮನೆಯೊಳಗೆ ಕಾಲಿಡುತ್ತಾಳೋ ಹೊರಗಿನಿಂದಲೇ ಕೂಗುತ್ತಾಳೋ. ಈ ಸಣ್ಣ ಸಣ್ಣ ಅಂತರವೇ ಮೂರು ವರ್ಷಕ್ಕೆ ಸೆಂಟಿಮೀಟರ್ ಆಗಿ ಬಾಗಿಲಚೌಕಟ್ಟಿನ ಮೇಲೆ ಕಾಣುತ್ತದೆ.

ಹಾಗಾದರೆ ನಮ್ಮ ಅಕ್ಕಲಕೋಟ ತಾಲೂಕಿನಲ್ಲಿ, ನಮ್ಮ ಕೇರಿಗಳಲ್ಲಿ ಅಂಕಿ ಎಷ್ಟು? ಇಲ್ಲಿ ಅಮೇರಿಕಾದ ಕತೆ ನೆನಪು ಮಾಡಿಕೊಳ್ಳಿರಿ. ಕುಟುಂಬ ಆರೋಗ್ಯ ಸಮೀಕ್ಷೆ ಆರಿಸಿದ ಒಂದು ಹಳ್ಳಿಯಲ್ಲಿ 22 ಮನೆಗೆ ಹೋಗುತ್ತದೆ. ಜಿಲ್ಲೆಯ ಮಟ್ಟದ ಅಂಕಿ ಸಿಗುತ್ತದೆ. ಅದನ್ನು ತಾಲೂಕಿಗೆ ಇಳಿಸಿ, ಅದರಲ್ಲಿ ದಲಿತರು, ಅದರಲ್ಲಿ ಐದರ ಒಳಗಿನವರು ಅಂತ ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಬೆರಳಲ್ಲಿ ಎಣಿಸುವಷ್ಟು ಕೂಸುಗಳು. ಅಷ್ಟರಿಂದ ಯಾವ ಪಂಡಿತನೂ ಅಂದಾಜು ತೆಗೆಯಲಾರ. ಹಳ್ಳಿಮಟ್ಟದಲ್ಲಿ ಪ್ರತಿ ಕೂಸನ್ನು ತೂಗುವ ಜಾಗ ಒಂದೇ, ಅಂಗನವಾಡಿ. ಅದರ ಅಂಕಿ ಎಂಥದು ಅಂತ ಅಕ್ಕನ ಮಗನ ಕಾರ್ಡಿನಲ್ಲಿ ನೋಡಿದಿರಿ. 2021ರಿಂದ ಅದೇ ತೂಕವನ್ನು ಮೊಬೈಲಿನ ಪೋಷಣ ಟ್ರ್ಯಾಕರಿನಲ್ಲಿ ಹಾಕಬೇಕು. ಕೆಲಸ ಮಾಡದ ಫೋನು ಕೊಟ್ಟಿದ್ದಾರೆ ಅಂತ ಅದೇ ವರ್ಷ ರಾಜ್ಯದ ಸೇವಿಕೆಯರು ಫೋನುಗಳನ್ನು ತಿರುಗಿ ಕೊಡುವ ಆಂದೋಲನವನ್ನೇ ಮಾಡಿದರು. ನಮ್ಮ ಕಡೆ ಇನ್ನೊಂದು ತೊಡಕು, ತಾಯಂದಿರ ಮಾತು ಕನ್ನಡ, ಕಾರ್ಡು ಮರಾಠಿ. "ಮಧ್ಯಮ" ಅಂತ ಬರೆದದ್ದನ್ನು ನಮ್ಮ ಅಕ್ಕ ನಡುತರ, ಚಿಂತೆ ಇಲ್ಲ ಅಂತ ತಿಳಿದಿದ್ದಳು. ಅದು ಮಧ್ಯಮ ಕುಪೋಷಿತ.

ಈ ಕಾರಣಕ್ಕೆ ನಮ್ಮ ಸಂಘದ ನಾಲ್ಕು ಜನ ಹುಡುಗ ಹುಡುಗಿಯರು ವಿಚಾರ ಮಾಡಿದೆವು. ಡಾಕ್ಟರ್ ಬಂಗರು ಮಾಡಿದ್ದೂ ಮನೆಮನೆ ಎಣಿಕೆಯನ್ನೇ ಅಲ್ಲವೇ? ನಮ್ಮ ಕೇರಿಯಷ್ಟು ನಾವು ಎಣಿಸಬಾರದೇನು? ಸೇವಿಕಾ ಬಾಯಾರಿಗೂ ಹೋಗಿ ಹೇಳಿದೆವು, ನಿಮ್ಮ ಮೇಲೆ ತಕರಾರು ಕೊಡಲು ಅಲ್ಲ ಅಂತ. ಮೊದಲು ಮುಖ ಬಿಗಿದುಕೊಂಡರು, ಆಮೇಲೆ ತಮ್ಮ ತಕ್ಕಡಿ ನೂರು ನೂರೈವತ್ತು ಗ್ರಾಂ ಹೆಚ್ಚು ತೋರಿಸುತ್ತದೆ ಅಂತ ಅವರೇ ಹೇಳಿದರು. ತಾವೂ ಬರುತ್ತೇನೆ ಅಂದಿದ್ದಾರೆ.

ಬುದ್ಧವಿಹಾರದ ಬಾಗಿಲ ಪಕ್ಕದ ಗೋಡೆಯ ಮೇಲೆ ಎತ್ತರದ ಪಟ್ಟಿ ಬಣ್ಣದಲ್ಲಿ ಬರೆದಿದ್ದೇವೆ, ಸೆಂಟಿಮೀಟರ್ ಕನ್ನಡ ಅಂಕಿಯಲ್ಲಿ. ಕಬ್ಬಿನ ಟೋಳಿಗಳು ಹೋಗುವ ಮುಂಚೆ ಒಂದು ಸಲ, ತಿರುಗಿ ಬಂದ ಮೇಲೆ ಒಂದು ಸಲ ಅಳೆಯುತ್ತೇವೆ. ಐದು ವರ್ಷದ ಒಳಗಿನ ಕೂಸು ಯಾರ ಮನೆಯಲ್ಲಿ ಇದೆಯೋ ಅವರು ವರ್ಧಂತಿಯ ಮರು ಆದಿತ್ಯವಾರ ಮುಂಜಾನೆ ಬರಬೇಕು. ಜನ್ಮದಾಖಲೆ ಇದ್ದರೆ ತರ್ರಿ. ಇಲ್ಲದಿದ್ದರೆ ಯಾವ ಹಬ್ಬದ ಹಿಂದೆ ಮುಂದೆ ಹುಟ್ಟಿತು ಅಂತ ಆಯಿಯನ್ನು ಕೇಳಿಕೊಂಡು ಬರ್ರಿ, ಯಾಕಂದರೆ ತಿಂಗಳು ತಪ್ಪಿದರೆ ಎತ್ತರದ ಗೆರೆಯೂ ತಪ್ಪುತ್ತದೆ. ಚಪ್ಪಲಿ, ಕಾಲ್ಗೆಜ್ಜೆ, ದಪ್ಪ ಸ್ವೆಟರ್ ತೆಗೆದೇ ತೂಗುವುದು. ಅಕ್ಕನ ಮಗನನ್ನು ಮೊದಲು ನಿಲ್ಲಿಸುತ್ತೇವೆ, ಅವನಿಗೆ ಈಗ ಮೂರು ತುಂಬುತ್ತಿದೆ.